ಹಿಂದಿನ ಸೀಟಿನಲ್ಲಿ ಯಾರಿದ್ದಾರೆ? ಕುಟುಂಬದ ಪ್ರಯಾಣದ ಕಾದಂಬರಿ ಓದುವ ಬಗೆ

ಮನೆಯಲ್ಲಿ ಜಗಳವಾದರೆ ಒಬ್ಬರು ಎದ್ದು ಇನ್ನೊಂದು ಕೋಣೆಗೆ ಹೋಗಬಹುದು, ಬಾಗಿಲು ಹಾಕಿಕೊಳ್ಳಬಹುದು. ಓಡುತ್ತಿರುವ ಕಾರಿನಲ್ಲಿ ಅದಕ್ಕೆ ಅವಕಾಶವಿಲ್ಲ. ಮುಖ ತಿರುಗಿಸಿ ಕೂತರೂ ಮೊಣಕೈ ತಾಗುತ್ತಲೇ ಇರುತ್ತದೆ. ಕುಟುಂಬವೊಂದು ಒಟ್ಟಿಗೆ ದೂರ ಹೊರಡುವ ಕಾದಂಬರಿಗಳ ಕಸುವೆಲ್ಲ ಇರುವುದು ಈ ಇಕ್ಕಟ್ಟಿನಲ್ಲಿ.

ಮೊದಮೊದಲು ನಾನು ಇಂಥ ಕಾದಂಬರಿಗಳನ್ನು ಪ್ರವಾಸ ಕಥನದ ಹಾಗೆ ಓದುತ್ತಿದ್ದೆ. ಯಾವ ಊರು ಬಂತು, ಯಾವ ಹೊಳೆ ದಾಟಿದರು, ಇನ್ನೆಷ್ಟು ದೂರ ಅಂತ. ಪುಸ್ತಕ ಮುಗಿದ ಮೇಲೆ ದಾರಿ ನೆನಪಿರುತ್ತಿತ್ತು, ಜನ ಮರೆತುಹೋಗುತ್ತಿದ್ದರು. ಆಮೇಲೊಂದು ಚಿಕ್ಕ ಅಭ್ಯಾಸ ಶುರುವಾಯಿತು. ಗಾಡಿಯೊಳಗೆ ಯಾರು ಎಲ್ಲಿ ಕೂತಿದ್ದಾರೆ ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳುವುದು. ಅಷ್ಟರಿಂದಲೇ ಈ ಪುಸ್ತಕಗಳು ನನಗೆ ಬೇರೆಯಾಗಿ ಕಾಣತೊಡಗಿದವು. ಆ ಹಾಳೆಯನ್ನು ಬಳಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಉದಾಹರಣೆಗಾಗಿ ನಡುದಾರಿಯ ಕೆಲವು ಘಟನೆಗಳು ಬರುತ್ತವೆ. ಯಾವ ಪುಸ್ತಕದ ಕೊನೆಯನ್ನೂ ಬಿಟ್ಟುಕೊಡುವುದಿಲ್ಲ, ಹೆದರಬೇಡಿ.

1. ಮೊದಲು, ಯಾವ ಪುಸ್ತಕ?

ಮೊದಲ ಸಲಕ್ಕೆ ವಿಲಿಯಂ ಫಾಕ್ನರ್ ಬೇಡ. ದೊಡ್ಡ ಹೆಸರು ಅಂತ ನಾನು ಅಲ್ಲಿಂದಲೇ ಶುರು ಮಾಡಿ, ನಲವತ್ತು ಪುಟಕ್ಕೆ ಮಡಚಿಟ್ಟು, ವರ್ಷಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ.

ಶರನ್ ಕ್ರೀಚ್ ಬರೆದ 'ವಾಕ್ ಟು ಮೂನ್ಸ್' (1994) ಒಳ್ಳೆಯ ಬಾಗಿಲು. ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಪದಕ ಅದಕ್ಕೆ 1995ರಲ್ಲಿ ಬಂತು. ಮಕ್ಕಳ ಪುಸ್ತಕ ಅಂತ ದೊಡ್ಡವರು ಬದಿಗಿಡಬೇಕಿಲ್ಲ. ಸಾಲ್ ಎಂಬ ಹದಿಮೂರರ ಹುಡುಗಿ ಅಜ್ಜ ಅಜ್ಜಿಯ ಜೊತೆ ಅಮೆರಿಕದ ಒಹಾಯೊದಿಂದ ಐಡಹೊದ ಲೂಯಿಸ್ಟನ್ ಊರಿಗೆ ಹೊರಟಿದ್ದಾಳೆ. ಅಮ್ಮನ ಹುಟ್ಟುಹಬ್ಬದೊಳಗೆ ಅಲ್ಲಿಗೆ ಸೇರಬೇಕು. ಹೊತ್ತು ಹೋಗಲಿ ಅಂತ ತನ್ನ ಗೆಳತಿ ಫೀಬಿಯ ಕಥೆ ಹೇಳುತ್ತಾ ಹೋಗುತ್ತಾಳೆ. ಗೆಳತಿಯ ಕಥೆ ಹೇಳುತ್ತಾ ಹೇಳುತ್ತಾ ತನ್ನದನ್ನೇ ಹೇಳುತ್ತಿದ್ದಾಳೆ ಅಂತ ನಮಗೆ ನಿಧಾನವಾಗಿ ಹೊಳೆಯುತ್ತದೆ. ಭಾಷೆ ಸರಳ, ಪುಟಗಳೂ ಕಡಿಮೆ.

ಕಾರ್ಮ್ಯಾಕ್ ಮೆಕಾರ್ಥಿಯ 'ದ ರೋಡ್' (2006) ಕೂಡ ಚಿಕ್ಕದೇ. ಆದರೆ ಭಾರ ಜಾಸ್ತಿ. ಸುಟ್ಟು ಬೂದಿಯಾದ ಲೋಕದಲ್ಲಿ ಒಬ್ಬ ಅಪ್ಪ, ಒಬ್ಬ ಮಗ, ನಡಿಗೆ. ಮನೆಯಲ್ಲಿ ಪುಟ್ಟ ಮಗುವಿದ್ದರೆ ರಾತ್ರಿ ಮಲಗುವ ಮುಂಚೆ ಇದನ್ನು ಓದಬೇಡಿ, ನಿದ್ದೆ ಬರುವುದಿಲ್ಲ. ಜಾನ್ ಸ್ಟೈನ್‌ಬೆಕ್‌ನ 'ದ ಗ್ರೇಪ್ಸ್ ಆಫ್ ರಾತ್' (1939) ಒಕ್ಲಹೋಮದಿಂದ ಕ್ಯಾಲಿಫೋರ್ನಿಯಾಗೆ ಹೊರಟ ಜೋಡ್ ಕುಟುಂಬದ ಕಥೆ. ಉದ್ದದ ಪುಸ್ತಕ, ಬಿಡುವು ಇರುವಾಗ ಹಿಡಿಯಬೇಕು. ಗೀತಾಂಜಲಿ ಶ್ರೀ ಹಿಂದಿಯಲ್ಲಿ ಬರೆದ 'ರೇತ್ ಸಮಾಧಿ' (2018) ಗಡಿ ದಾಟುವ ಎಂಬತ್ತರ ತಾಯಿಯ ಕಥೆ. ಡೈಸಿ ರಾಕ್‌ವೆಲ್ ಮಾಡಿದ ಇಂಗ್ಲಿಷ್ ಅನುವಾದಕ್ಕೆ 2022ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಆದರೆ ಅಲ್ಲಿ ದಾರಿ ಬಹಳ ತಡವಾಗಿ ಬರುತ್ತದೆ. ಮೊದಲ ಭಾಗದ ತುಂಬಾ ಆ ತಾಯಿ ಮನೆಯವರಿಗೆ ಬೆನ್ನು ಹಾಕಿ ಮಲಗಿಯೇ ಇರುತ್ತಾಳೆ. ತಾಳ್ಮೆ ಇರುವವರಿಗೆ ಹಬ್ಬ.

ಇನ್ನೊಂದು ಮಾತು. ಈ ಬಗೆಯ ಕಾದಂಬರಿಗಳಲ್ಲಿ ಸತ್ತವರನ್ನು ಹೊತ್ತು ಹೋಗುವ ಕಥೆಗಳು ತುಂಬಾ ಇವೆ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಹಿಂಬದಿಯ ರಕ್ಷಾಪುಟ ಓದಿಯೇ ಪುಸ್ತಕ ತೆಗೆದುಕೊಳ್ಳಿ.

2. ಒಂದು ಹಾಳೆ, ನಾಲ್ಕು ಮಡಿಕೆ

ದೊಡ್ಡ ನೋಟ್‌ಬುಕ್ ಬೇಡ. ಒಂದು ಬಿಳಿ ಹಾಳೆಯನ್ನು ನಾಲ್ಕಾಗಿ ಮಡಚಿ ಪುಸ್ತಕದೊಳಗೇ ಇಟ್ಟುಕೊಳ್ಳಿ. ಪುಟದ ಗುರುತಿಗೂ ಆಗುತ್ತದೆ. ಮೊದಲ ಮಡಿಕೆಯಲ್ಲಿ ಗಾಡಿಯ ಚಿತ್ರ. ಎರಡನೆಯದರಲ್ಲಿ ಯಾರು ಯಾಕೆ ಹೊರಟಿದ್ದಾರೆ ಅನ್ನುವುದು. ಮೂರನೆಯದು ಸಾಮಾನಿಗೆ, ನಾಲ್ಕನೆಯದು ಗಾಡಿ ನಿಂತ ಜಾಗಗಳಿಗೆ. ಪೆನ್ಸಿಲ್‌ನಲ್ಲೇ ಬರೆಯಿರಿ, ಅಳಿಸುವುದು ಬಹಳ ಇರುತ್ತದೆ.

3. ಹೇಳಿದ ಕಾರಣ, ಹೇಳದ ಕಾರಣ

ಮೊದಲ ಐವತ್ತು ಪುಟದೊಳಗೆ ಒಂದು ವಿಷಯ ಹಿಡಿಯಬೇಕು: ಇವರು ಬಾಯಲ್ಲಿ ಹೇಳುವ ಕಾರಣ ಏನು? ಅದರ ಪಕ್ಕದಲ್ಲಿ, ಒಬ್ಬೊಬ್ಬರ ಹೆಸರಿನ ಮುಂದೆ, ಹೇಳದೆ ಒಳಗಿಟ್ಟುಕೊಂಡ ಕಾರಣಕ್ಕೆ ಜಾಗ ಬಿಡಿ.

ಇದನ್ನು ಕಲಿಸಿದ್ದು ನಾನು ಮಡಚಿಟ್ಟಿದ್ದ ಫಾಕ್ನರ್ ಪುಸ್ತಕವೇ. 'ಆ್ಯಸ್ ಐ ಲೇ ಡೈಯಿಂಗ್' (1930). ಬಂಡ್ರೆನ್ ಕುಟುಂಬದ ತಾಯಿ ಆ್ಯಡಿ ಸಾಯುತ್ತಾಳೆ. ಅವಳನ್ನು ಅವಳ ತವರಿನವರ ಜೊತೆ ಜೆಫರ್ಸನ್ ಪಟ್ಟಣದಲ್ಲಿ ಹೂಳಬೇಕು, ಗಂಡ ಮಾತು ಕೊಟ್ಟಿದ್ದಾನೆ. ಹೇಸರಗತ್ತೆ ಕಟ್ಟಿದ ಗಾಡಿಯಲ್ಲಿ ಶವದ ಪೆಟ್ಟಿಗೆ ಇಟ್ಟುಕೊಂಡು ಎಲ್ಲರೂ ಹೊರಡುತ್ತಾರೆ. ಬಿಸಿಲು, ನೆರೆ, ಮೇಲೆ ಹದ್ದುಗಳು. ಹೇಳಿದ ಕಾರಣ ಒಂದೇ, ಅಮ್ಮನ ಅಂತ್ಯಕ್ರಿಯೆ. ಆದರೆ ಅಪ್ಪ ಆ್ಯನ್ಸ್‌ಗೆ ಪಟ್ಟಣದಲ್ಲಿ ಹೊಸ ಹಲ್ಲಿನ ಸೆಟ್ಟು ಬೇಕು. ದೊಡ್ಡ ಮಗ ಕ್ಯಾಶ್‌ಗೆ ಗ್ರಾಮಫೋನಿನ ಮೇಲೆ ಕಣ್ಣು. ಚಿಕ್ಕವನಿಗೆ ಅಂಗಡಿಯಲ್ಲಿದ್ದ ಆಟಿಕೆ ರೈಲು. ಮಗಳು ಡ್ಯೂಯಿ ಡೆಲ್‌ಗೆ ಮದುವೆಗೆ ಮುಂಚಿನ ಬಸಿರು, ಅದನ್ನು ತೆಗೆಸುವ ಔಷಧಿ ಬೇಕು, ಯಾರಿಗೂ ಹೇಳುವ ಹಾಗಿಲ್ಲ. ಒಂದೇ ಗಾಡಿಯಲ್ಲಿ ಇಷ್ಟೂ ಆಸೆಗಳು, ನಡುವೆ ಪೆಟ್ಟಿಗೆ.

ಎರಡನೇ ಸಲ ಓದುವಾಗ ನಾನು ಈ ಪಟ್ಟಿ ಬರೆದುಕೊಂಡೆ. ಮೊದಲ ಸಲ ಬರೀ ಗೊಂದಲ ಅನಿಸಿದ್ದ ಪುಸ್ತಕ ಆಗ ನಗಿಸಿತು ಕೂಡ. ಹೌದು, ಅದೊಂದು ತಮಾಷೆಯ ಪುಸ್ತಕವೂ ಹೌದು. ಶವದ ಪಕ್ಕ ಕೂತು ನಗುವುದಕ್ಕೆ ಸ್ವಲ್ಪ ಧೈರ್ಯ ಬೇಕು, ಅಷ್ಟೇ.

ಕೆಲವು ಕಾದಂಬರಿಗಳಲ್ಲಿ ಹೇಳದ ಕಾರಣ ಗಂಡ ಹೆಂಡತಿಯ ನಡುವೆ ಇರುತ್ತದೆ. ವಲೇರಿಯಾ ಲುಯಿಸೆಲಿಯ 'ಲಾಸ್ಟ್ ಚಿಲ್ಡ್ರನ್ ಆರ್ಕೈವ್' (2019) ನೋಡಿ. ನ್ಯೂಯಾರ್ಕ್‌ನಿಂದ ಅರಿಜೋನದ ಕಡೆಗೆ ಗಂಡ, ಹೆಂಡತಿ, ಹತ್ತು ವರ್ಷದ ಹುಡುಗ, ಐದು ವರ್ಷದ ಹುಡುಗಿ ಕಾರಿನಲ್ಲಿ ಹೊರಟಿದ್ದಾರೆ. ಗಂಡನಿಗೆ ಅಮೆರಿಕದ ಮೂಲನಿವಾಸಿಗಳಾದ ಅಪಾಚೆ ಜನರ ಬಗ್ಗೆ ಕೆಲಸವಿದೆ. ಹೆಂಡತಿಗೆ ಮೆಕ್ಸಿಕೊ ಗಡಿಯಲ್ಲಿ ಕಳೆದುಹೋಗುತ್ತಿರುವ ವಲಸೆ ಮಕ್ಕಳ ಚಿಂತೆ. ಈ ಪ್ರಯಾಣ ಮುಗಿದಾಗ ತಾವಿಬ್ಬರೂ ಬೇರೆಯಾಗಬಹುದು ಅಂತ ಇಬ್ಬರಿಗೂ ಗೊತ್ತು. ಆ ಮಾತನ್ನು ಹಿಂದಿನ ಸೀಟಿನವರ ಮುಂದೆ ಆಡುವ ಹಾಗಿಲ್ಲ. ಮಕ್ಕಳಿಗೆ ಗೊತ್ತಾಗದೇ ಇರುತ್ತದೆಯೇ? ಅದನ್ನು ಗಮನಿಸುವುದೇ ಓದುಗರ ಕೆಲಸ.

4. ಸೀಟಿನ ಚಿತ್ರ

ಈಗ ಮೊದಲ ಮಡಿಕೆಗೆ ಬನ್ನಿ. ಒಂದು ಚೌಕ ಎಳೆಯಿರಿ. ಮುಂದೆ ಎರಡು ಸೀಟು, ಹಿಂದೆ ಮೂರು, ಅಥವಾ ಟ್ರಕ್ಕಾದರೆ ಮುಂದಿನ ಕ್ಯಾಬಿನ್, ಹಿಂದೆ ಬಯಲು. ಹೆಸರುಗಳನ್ನು ತುಂಬಿ. ಲೇಖಕರು ಕೂತ ಜಾಗ ಹೇಳದೇ ಇದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಜಾಗ ಬದಲಾದಾಗ ಅಳಿಸಿ ಮತ್ತೆ ಬರೆಯಿರಿ. ನಾಲ್ಕು ವಿಷಯ ಗಮನಿಸಿ: ಯಾರು ಓಡಿಸುತ್ತಿದ್ದಾರೆ, ಅವರ ಪಕ್ಕ ಯಾರು, ಮಗು ಯಾರ ತೊಡೆಯ ಮೇಲೆ, ಮಾತಾಡದೆ ಇರುವವರು ಯಾರು.

ಜೆಸ್ಮಿನ್ ವಾರ್ಡ್ ಅವರ 'ಸಿಂಗ್, ಅನ್‌ಬರೀಡ್, ಸಿಂಗ್' (2017) ಈ ಚಿತ್ರಕ್ಕಾಗಿಯೇ ಬರೆದಂತಿದೆ. ಮಿಸಿಸಿಪಿ ರಾಜ್ಯ. ಜೈಲಿನಿಂದ ಬಿಡುಗಡೆಯಾಗುವ, ತನ್ನ ಮಕ್ಕಳ ಅಪ್ಪ ಮೈಕಲ್‌ನನ್ನು ಕರೆತರಲು ಲಿಯೋನಿ ಕಾರು ಓಡಿಸಿಕೊಂಡು ಹೊರಟಿದ್ದಾಳೆ. ಪಕ್ಕದಲ್ಲಿ ಗೆಳತಿ. ಹಿಂದೆ ಹದಿಮೂರರ ಮಗ ಜೋಜೋ ಮತ್ತು ಪುಟಾಣಿ ಮಗಳು ಕೇಲಾ. ಮಗುವಿಗೆ ದಾರಿಯಲ್ಲಿ ವಾಂತಿ, ಜ್ವರ. ಅದು ಅಮ್ಮನ ಹತ್ತಿರ ಹೋಗುವುದಿಲ್ಲ, ಅಣ್ಣನ ಕುತ್ತಿಗೆಗೆ ಜೋತುಬೀಳುತ್ತದೆ. ಇನ್ನು ಆ ಅಣ್ಣ ತಾಯಿಯನ್ನು ಅಮ್ಮ ಅನ್ನುವುದಿಲ್ಲ, ಲಿಯೋನಿ ಅಂತ ಹೆಸರಿನಿಂದಲೇ ಕರೆಯುತ್ತಾನೆ. ಹಾಳೆಯ ಮೇಲೆ ಚಿತ್ರ ಹೀಗೆ ಬರುತ್ತದೆ: ತಾಯಿ ಇರಬೇಕಾದ ಜಾಗದಲ್ಲಿ ಹುಡುಗ ಕೂತಿದ್ದಾನೆ. ಲೇಖಕಿ ಇದನ್ನು ಎಲ್ಲೂ ಬಿಡಿಸಿ ಹೇಳಬೇಕಾಗಿಲ್ಲ. ವಾಪಸು ಬರುವಾಗ ಆ ಕಾರಿನಲ್ಲಿ ಇನ್ನೊಬ್ಬನಿರುತ್ತಾನೆ, ಎಂದೋ ಸತ್ತ ಹುಡುಗ ರಿಚಿ. ಅವನಿಗೂ ಜಾಗ ಬೇಕಲ್ವಾ? ನನ್ನ ಹಾಳೆಯಲ್ಲಿ ಅವನನ್ನು ಕಾಲಿಡುವ ಜಾಗದಲ್ಲಿ ಚುಕ್ಕೆಗೆರೆಯಿಂದ ಬರೆದಿದ್ದೇನೆ.

ಸ್ಟೈನ್‌ಬೆಕ್‌ನ ಜೋಡ್ ಕುಟುಂಬಕ್ಕೆ ಒಂದು ಹಾಳೆ ಸಾಲುವುದಿಲ್ಲ. ಮನೆಯವರೇ ಹನ್ನೆರಡು ಜನ, ಜೊತೆಗೆ ಪಾದ್ರಿಗಿರಿ ಬಿಟ್ಟ ಕೇಸಿ. ಹಳೆಯ ಹಡ್ಸನ್ ಕಾರನ್ನು ಕತ್ತರಿಸಿ ಮಾಡಿದ ಟ್ರಕ್ಕಿನಲ್ಲಿ ಹದಿಮೂರು ಜೀವ, ನಾಯಿ ಬೇರೆ. ಇಲ್ಲಿ ಸೀಟಿಗಿಂತ ತಲೆ ಎಣಿಕೆ ಮುಖ್ಯ. ಪ್ರತಿ ಸಲ ಟ್ರಕ್ಕು ಹೊರಟಾಗ ಎಷ್ಟು ಜನ ಹತ್ತಿದರು ಅಂತ ಬರೆದುಕೊಳ್ಳಿ. ಸಂಖ್ಯೆ ಇಳಿಯುತ್ತಾ ಹೋಗುತ್ತದೆ, ಕೆಲವರು ಸತ್ತು, ಕೆಲವರು ಸುಮ್ನೆ ನಡೆದುಹೋಗಿ. ಅದರ ಜೊತೆಗೆ ಯಜಮಾನಿಕೆ ಯಾರ ಕೈಯಲ್ಲಿದೆ ಅಂತಲೂ ನೋಡಿ. ಹೊರಡುವ ಮುಂಚಿನ ಮಾತುಕತೆ ಟ್ರಕ್ಕಿನ ಸುತ್ತ ನಡೆಯುತ್ತದೆ. ಗಂಡಸರು ಕುಕ್ಕರುಗಾಲಲ್ಲಿ ಕೂತು ತೀರ್ಮಾನ ಮಾಡುತ್ತಾರೆ, ಹೆಂಗಸರು ಮತ್ತು ಮಕ್ಕಳು ಹಿಂದೆ ನಿಂತಿರುತ್ತಾರೆ. ಮುಂದೆ ಒಂದು ಕಡೆ, ದಾರಿಯಲ್ಲಿ ಜೊತೆಯಾದ ಇನ್ನೊಂದು ಕುಟುಂಬದ ಕಾರು ಕೆಟ್ಟು ನಿಲ್ಲುತ್ತದೆ. ಇಬ್ಬರು ಉಳಿದು ರಿಪೇರಿ ಮಾಡುತ್ತೇವೆ, ಉಳಿದವರು ಮುಂದೆ ಹೋಗಿ ಅನ್ನುತ್ತಾರೆ. ಆಗ ಅಮ್ಮ ಜ್ಯಾಕ್ ಹ್ಯಾಂಡಲ್ ಕೈಗೆತ್ತಿಕೊಂಡು, ಕುಟುಂಬ ಒಡೆಯಲು ಬಿಡುವುದಿಲ್ಲ ಅಂತ ಅಪ್ಪನ ಎದುರೇ ನಿಲ್ಲುತ್ತಾಳೆ. ಅಪ್ಪ ಸೋಲುತ್ತಾನೆ. ಅಲ್ಲಿಂದ ಮುಂದೆ ಆ ಕುಟುಂಬದ ಚಕ್ರ ಯಾರ ಕೈಯಲ್ಲಿದೆ ಅಂತ ಕೇಳಬೇಕಿಲ್ಲ. ಸ್ಟಿಯರಿಂಗ್ ಹಿಡಿದಿರುವವನು ಹದಿನಾರರ ಮಗ ಆಲ್ ಆಗಿದ್ದರೂ ಅಷ್ಟೇ.

5. ಹೇಳುತ್ತಿರುವವರು ಯಾರು?

ಫಾಕ್ನರ್ ಪುಸ್ತಕದಲ್ಲಿ 59 ಚಿಕ್ಕ ಭಾಗಗಳು, 15 ಜನ ನಿರೂಪಕರು. ಪ್ರತಿ ಭಾಗದ ತಲೆಯ ಮೇಲೆ ಹೇಳುವವರ ಹೆಸರಿದೆ. ಓದುವ ಆತುರದಲ್ಲಿ ಅದನ್ನೇ ದಾಟಿಬಿಡುತ್ತೇವೆ. ಹೆಸರು ನೋಡಿ, ಗಾಡಿಯ ಚಿತ್ರದಲ್ಲಿ ಅವರ ಮೇಲೆ ಬೆರಳಿಡಿ, ಆಮೇಲೆ ಓದಿ. ಯಾರು ಒಂದೇ ಒಂದು ಸಲ ಮಾತಾಡುತ್ತಾರೆ ಅಂತ ಹುಡುಕಿ. ಒಬ್ಬರಂತೂ ಆಗಲೇ ಸತ್ತಿದ್ದಾರೆ, ಪುಸ್ತಕದ ಹೆಸರು ಅವರದೇ ಪಾಡಿನ ಬಗ್ಗೆ.

'ಲಾಸ್ಟ್ ಚಿಲ್ಡ್ರನ್ ಆರ್ಕೈವ್'ನಲ್ಲಿ ಮೊದಲು ತಾಯಿ ಹೇಳುತ್ತಾಳೆ, ನಡುವೆ ಕಥೆ ಮಗನ ಬಾಯಿಗೆ ಹೋಗುತ್ತದೆ. ಆ ತಿರುವಿನಲ್ಲಿ ಪುಸ್ತಕ ಕೆಳಗಿಟ್ಟು, ತಾಯಿ ಹೇಳಿದ ಎರಡು ಪ್ರಸಂಗ ನೆನಪು ಮಾಡಿಕೊಳ್ಳಿ. ಅವನ್ನೇ ಹುಡುಗ ಹೇಗೆ ನೋಡಿದ್ದ ಅಂತ ಮುಂದೆ ಸಿಗುತ್ತದೆ. ಮಕ್ಕಳು ನಿರೂಪಕರಾದಾಗ ಅವರಿಗೆ ಅರ್ಥವಾಗದೆ ಹೋದದ್ದೇ ನಮಗೆ ಸುದ್ದಿ.

'ದ ರೋಡ್'ನ ತೊಂದರೆ ಬೇರೆ. ಅಪ್ಪನಿಗೂ ಮಗನಿಗೂ ಹೆಸರಿಲ್ಲ, ಮಾತುಗಳಿಗೆ ಉದ್ಧರಣ ಚಿಹ್ನೆ ಇಲ್ಲ, ಅಧ್ಯಾಯಗಳೂ ಇಲ್ಲ. ಯಾರು ಹೇಳಿದ್ದು ಅಂತ ತಪ್ಪುತ್ತದೆ. ಉಪಾಯ ಸುಲಭ: ಸಂಭಾಷಣೆಯನ್ನು ಗಟ್ಟಿಯಾಗಿ ಓದಿ. ಎರಡು ದನಿ ತಾನಾಗಿಯೇ ಬೇರೆಯಾಗುತ್ತದೆ. ಈ ಪುಸ್ತಕ ಹುಟ್ಟಿದ ಬಗೆಯನ್ನು ಮೆಕಾರ್ಥಿಯೇ ಹೇಳಿದ್ದಾರೆ. ಎಲ್ ಪಾಸೊ ಊರಿನ ಹೋಟೆಲಿನಲ್ಲಿ ಅವರ ಪುಟ್ಟ ಮಗ ಮಲಗಿದ್ದ. ನಡುರಾತ್ರಿ ಕಿಟಕಿಯ ಬಳಿ ನಿಂತು, ಇನ್ನು ಐವತ್ತೋ ನೂರೋ ವರ್ಷಕ್ಕೆ ಈ ಊರು ಹೇಗಿರಬಹುದು ಅಂತ ಯೋಚಿಸಿದರಂತೆ. ಪುಸ್ತಕವನ್ನು ಅರ್ಪಿಸಿರುವುದೂ ಆ ಮಗನಿಗೇ.

6. ಸಾಮಾನಿನ ಪಟ್ಟಿ

ಇದು ನನಗೆ ತುಂಬಾ ಇಷ್ಟದ ಮಡಿಕೆ. ಏನು ತಗೊಂಡರು, ಏನು ಬಿಟ್ಟರು, ದಾರಿಯಲ್ಲಿ ಏನು ಎಸೆದರು.

ಜೋಡ್ ಕುಟುಂಬದ ಅಮ್ಮ ಹೊರಡುವ ಮುಂಚೆ ಒಬ್ಬಳೇ ಕೂತು ಹಳೆಯ ಪೆಟ್ಟಿಗೆ ತೆರೆಯುತ್ತಾಳೆ. ಕಾಗದಗಳು, ಪತ್ರಿಕೆಯ ತುಣುಕುಗಳು, ಫೋಟೋಗಳು. ಒಂದೆರಡು ಚಿಕ್ಕ ಒಡವೆ ಎತ್ತಿಟ್ಟುಕೊಂಡು ಉಳಿದದ್ದನ್ನು ಒಲೆಗೆ ಹಾಕುತ್ತಾಳೆ. ಯಾರೂ ನೋಡುವುದಿಲ್ಲ. 'ದ ರೋಡ್'ನಲ್ಲಿ ಅಪ್ಪ ಹೆಂಡತಿಯ ಫೋಟೋವನ್ನು ಜೇಬಿನಿಂದ ತೆಗೆದು ರಸ್ತೆಯ ಮೇಲಿಟ್ಟು ನಡೆದುಬಿಡುತ್ತಾನೆ. ಎರಡು ಪುಸ್ತಕದ ನಡುವೆ 67 ವರ್ಷ, ಕೆಲಸ ಒಂದೇ. ಲುಯಿಸೆಲಿಯ ಕಾರಿನ ಡಿಕ್ಕಿಯಲ್ಲಿ ಏಳು ಪೆಟ್ಟಿಗೆಗಳಿವೆ. ಗಂಡನದು ನಾಲ್ಕು, ಹೆಂಡತಿಯದು ಒಂದು, ಮಕ್ಕಳದು ಒಂದೊಂದು. ಮಕ್ಕಳ ಪೆಟ್ಟಿಗೆಗಳು ಹೊರಡುವಾಗ ಖಾಲಿ. ಅವು ಏನರಿಂದ ತುಂಬುತ್ತವೆ ಅಂತ ಪುಟದ ಸಂಖ್ಯೆಯ ಜೊತೆ ಬರೆದುಕೊಳ್ಳಿ.

7. ಗಾಡಿ ನಿಂತಾಗ

ಪಂಚರ್, ಪೆಟ್ರೋಲ್ ಬಂಕ್, ಮೋಟೆಲ್, ನೆರೆ ಬಂದ ಹೊಳೆ. ಗಾಡಿ ಓಡುವಾಗ ಅದುಮಿಟ್ಟ ಮಾತು ಇಳಿದು ಕಾಲು ಚಾಚಿದ ಕೂಡಲೇ ಹೊರಬರುತ್ತದೆ. ಹೀಗಾಗಿ ನಿಲುಗಡೆಯ ಪುಟಗಳನ್ನು ನಿಧಾನವಾಗಿ ಓದಿ. ಓಟದ ಪುಟಗಳಲ್ಲಿ ಸ್ವಲ್ಪ ವೇಗ ಮಾಡಿದರೂ ನಷ್ಟವಿಲ್ಲ.

ಆದರೆ ಅಧ್ಯಾಯ ಹಾರಿಸಬೇಡಿ. 'ದ ಗ್ರೇಪ್ಸ್ ಆಫ್ ರಾತ್'ನ 30 ಅಧ್ಯಾಯಗಳಲ್ಲಿ 16ರಲ್ಲಿ ಜೋಡ್ ಕುಟುಂಬದ ಕಥೆಯೇ ಇಲ್ಲ. ಧೂಳು, ಹಳೆ ಕಾರು ಮಾರುವವರು, ರಸ್ತೆ ಬದಿಯ ಹೋಟೆಲು, ಹೀಗೆ. ನಾನು ಮೊದಲ ಓದಿನಲ್ಲಿ ಅವನ್ನೆಲ್ಲ ದಾಟಿಕೊಂಡು ಹೋಗಿದ್ದೆ. ಮೂರನೇ ಅಧ್ಯಾಯದ ಆಮೆ ಆಗ ತಪ್ಪಿಹೋಯಿತು. ಒಂದು ಆಮೆ ಹೆದ್ದಾರಿ ದಾಟುತ್ತದೆ. ಒಬ್ಬಳು ಅದನ್ನು ಉಳಿಸಲು ಕಾರು ತಿರುಗಿಸುತ್ತಾಳೆ, ಒಬ್ಬ ಬೇಕೆಂದೇ ಟ್ರಕ್ಕನ್ನು ಅದರ ಮೇಲೆ ತರುತ್ತಾನೆ. ಅಂಗಾತ ಬಿದ್ದ ಆಮೆ ಹೇಗೋ ಎದ್ದು ಮತ್ತೆ ನಡೆಯುತ್ತದೆ, ಅಷ್ಟೇ. ಮುಂದಿನ ಅಧ್ಯಾಯದಲ್ಲಿ ಜೈಲಿನಿಂದ ಮನೆಗೆ ನಡೆಯುತ್ತಿರುವ ಜೋಡ್ ಕುಟುಂಬದ ಮಗ ಟಾಮ್ ಆ ಆಮೆಯನ್ನೇ ಎತ್ತಿಕೊಳ್ಳುತ್ತಾನೆ. ಅದನ್ನು ಓದದೆ ಜೋಡ್ ಕುಟುಂಬದ ಟ್ರಕ್ಕು ಹತ್ತಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ.

8. ನಕ್ಷೆ ಬೇಕೇ?

ಪುಸ್ತಕ ನೋಡಿ ತೀರ್ಮಾನಿಸಿ. ಜೋಡ್ ಕುಟುಂಬ ಹಿಡಿದದ್ದು ನಿಜವಾದ ರಸ್ತೆ, ರೂಟ್ 66. ಅದು 1926ರಲ್ಲಿ ಹುಟ್ಟಿ, 1985ರಲ್ಲಿ ಅಧಿಕೃತ ಹೆದ್ದಾರಿಗಳ ಪಟ್ಟಿಯಿಂದ ಹೊರಬಿತ್ತು. ಶಿಕಾಗೊದಿಂದ ಪಶ್ಚಿಮ ಕಡಲತೀರದವರೆಗೆ ಹತ್ತಿರ ಹತ್ತಿರ 3,900 ಕಿಲೋಮೀಟರ್. ಒಕ್ಲಹೋಮದಿಂದ ಕ್ಯಾಲಿಫೋರ್ನಿಯಾವರೆಗೆ ಬೆರಳಾಡಿಸಿದರೆ ನಡುವೆ ಎಷ್ಟು ಮರುಭೂಮಿ ಅಂತ ಗೊತ್ತಾಗಿ ಎದೆ ಧಸಕ್ಕೆನ್ನುತ್ತದೆ. ಫಾಕ್ನರ್‌ನ ಜೆಫರ್ಸನ್ ಮಾತ್ರ ಕಟ್ಟುಕಥೆಯ ಊರು, ನಕ್ಷೆಯಲ್ಲಿ ಹುಡುಕಬೇಡಿ. 'ದ ರೋಡ್'ನಲ್ಲಿ ಊರುಗಳಿಗೆ ಹೆಸರೇ ಇಲ್ಲ, ದಕ್ಷಿಣಕ್ಕೆ ಸಮುದ್ರದ ಕಡೆ ಅನ್ನುವುದಷ್ಟೇ ದಿಕ್ಕು.

ಇನ್ನು ತಲುಪುವುದರ ಬಗ್ಗೆ. ಸೇರಿದರೋ ಇಲ್ಲವೋ ಅನ್ನುವುದರ ಮೇಲೆ ಕಣ್ಣಿಟ್ಟು ಓದಿದರೆ ನಿರಾಸೆಯಾಗಬಹುದು. ಜೋಡ್ ಕುಟುಂಬ 18ನೇ ಅಧ್ಯಾಯಕ್ಕೇ ಕ್ಯಾಲಿಫೋರ್ನಿಯಾ ಮುಟ್ಟುತ್ತದೆ. ಇನ್ನೂ 12 ಅಧ್ಯಾಯ ಬಾಕಿ! ಅಲ್ಲಿ ಹಾಳೆ ತಿರುಗಿಸಿ, ಹಿಂಬದಿಯಲ್ಲಿ ಹೊಸ ಚಿತ್ರ ಬರೆಯಿರಿ. ಗಾಡಿಯಿಂದ ಇಳಿದ ಮೇಲೆ ಯಾರು ಯಾರ ಹತ್ತಿರ ಕೂರುತ್ತಾರೆ ಅಂತ.

9. ಮನೆಯವರ ಜೊತೆ ಓದುವುದಾದರೆ

ಇಬ್ಬರು ಮೂವರು ಒಂದೇ ಪುಸ್ತಕ ಓದಿ ಮಾತಾಡುವುದು ಚೆನ್ನ. ಆದರೆ ಕುಟುಂಬದ ಕಾದಂಬರಿ ಅಂದರೆ ಸ್ವಲ್ಪ ಹುಷಾರು. ನೀನೂ ಹೀಗೇ ಅಲ್ವಾ ಅಂತ ಯಾರೋ ಒಬ್ಬರು ಶುರು ಮಾಡಿದರೆ ಪುಸ್ತಕ ಮೂಲೆಗೆ, ಹಳೆ ಲೆಕ್ಕ ನಡುಮನೆಗೆ. ನಾವು ಒಂದು ಕಟ್ಟಳೆ ಇಟ್ಟುಕೊಂಡಿದ್ದೇವೆ: ಪಾತ್ರಗಳ ಹೆಸರು ಬಿಟ್ಟು ಬೇರೆ ಯಾರ ಹೆಸರೂ ಎತ್ತುವ ಹಾಗಿಲ್ಲ. ಒಂದು ಸಲಕ್ಕೆ ಐವತ್ತು ಪುಟ. ಪ್ರತಿಯೊಬ್ಬರಿಗೂ ಬೇರೆ ಹಾಳೆ. ಮಾತಿಗೆ ಕೂತಾಗ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲಿ ಬೇರೆಯಾಗಿವೆ ಅಂತ ನೋಡುವುದು. ಒಂದೇ ಕಾರನ್ನು ಇಬ್ಬರು ಬೇರೆ ಬೇರೆ ಥರ ತುಂಬಿರುತ್ತಾರೆ.

'ಸಿಂಗ್, ಅನ್‌ಬರೀಡ್, ಸಿಂಗ್' ಓದುವಾಗ ನನಗೆ ಲಿಯೋನಿಯ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಮಾದಕ ವಸ್ತುವಿನ ಚಟ, ಮಕ್ಕಳ ಮೇಲೆ ಗಮನವಿಲ್ಲ, ಮಗುವಿಗೆ ಜ್ವರ ಬಂದರೂ ಗಂಡಸಿನ ಧ್ಯಾನ. ಅಕ್ಕನ ಎದುರು ಇದನ್ನೆಲ್ಲ ಜೋರಾಗಿ ಹೇಳಿದೆ. ಅವಳು ನನ್ನ ಹಾಳೆಯನ್ನು ಎಳೆದುಕೊಂಡು ಸ್ವಲ್ಪ ಹೊತ್ತು ನೋಡಿದಳು. "ಇವಳನ್ನ ಎಲ್ಲಿ ಕೂರಿಸಿದ್ದೀಯ ನೋಡು. ಓಡಿಸ್ತಾ ಇದ್ದಾಳೆ ಕಣೋ. ಹಿಂದೆ ಏನಾಗ್ತಿದೆ ಅಂತ ಅವಳಿಗೆ ಕನ್ನಡಿಯಲ್ಲಿ ಮಾತ್ರ ಕಾಣತ್ತೆ" ಅಂದಳು.

ಆ ಪುಸ್ತಕದಲ್ಲಿ ಲಿಯೋನಿಯೇ ಹೇಳುವ ಅಧ್ಯಾಯಗಳೂ ಇವೆ. ನಾನು ಅವನ್ನು ಅರ್ಧ ಮನಸ್ಸಿನಿಂದ ಓದಿದ್ದೆ. ಆ ರಾತ್ರಿ ಮತ್ತೆ ತೆಗೆದೆ. ಓದುವ ಮುಂಚೆ ಹಾಳೆಯಲ್ಲಿ ಅವಳ ಹೆಸರಿನ ಮೇಲೆ ಒಂದು ಪುಟ್ಟ ಕನ್ನಡಿ ಬರೆದುಕೊಂಡೆ. 'ದ ರೋಡ್'ನ ಅಪ್ಪನ ತಳ್ಳುಗಾಡಿಗೂ ಒಂದು ಮೋಟಾರ್ ಸೈಕಲ್ ಕನ್ನಡಿ ಕಟ್ಟಿದೆ, ಹಿಂದಿನ ರಸ್ತೆ ನೋಡಲು. ಅದನ್ನು ನಾನು ಸಾಮಾನಿನ ಪಟ್ಟಿಯಲ್ಲೇ ಬರೆದಿರಲಿಲ್ಲ. ಆ ಹಳೆಯ ಹಾಳೆಯನ್ನೂ ಹುಡುಕಿ ತೆಗೆದು ಸೇರಿಸಿದೆ.